ಮಾತುಕತೆ ಒಂದೇ ದಿನ, ಕಾದಿದ್ದು 20 ತಿಂಗಳು

ತುಮಕೂರಿನಲ್ಲಿ ಭಾನುವಾರ ಬೆಳಿಗ್ಗೆ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರಿಗೆ ನಾನು ಪ್ರಚಲಿತ ವಿದ್ಯಮಾನದ ಪಾಠ ಮಾಡುತ್ತೇನೆ. ಗುಬ್ಬಿ, ಸಿರಾ, ಕುಣಿಗಲ್ ಕಡೆಯಿಂದ ಮೊದಲ ಬಸ್ಸು ಹಿಡಿದು ಬರುವವರೇ ಹೆಚ್ಚು. ಹೋದ ವಾರ ಪಾವಗಡ ಕಡೆಯ ಹುಡುಗಿಯೊಬ್ಬಳು ನೋಟ್ಸಿನ ಎರಡು ಸಾಲಿಗೆ ಪೆನ್ಸಿಲಿನಲ್ಲಿ ಗೀಟು ಹಾಕಿಕೊಂಡು ಬಂದಿದ್ದಳು.

"ಸಾರ್, ಇಲ್ಲ್ನೋಡಿ. ಸ್ವೀಡನ್ ನ್ಯಾಟೋಗೆ ಸೇರೋ ಮಾತುಕತೆ 2022ರ ಜುಲೈ 4ನೇ ತಾರೀಖು ಒಂದೇ ದಿನಕ್ಕೆ ಮುಗೀತು ಅಂತ ಬರೆದವ್ರೆ. ಕೆಳಗಡೆ ಸದಸ್ಯ ಆಗಿದ್ದು 2024ರ ಮಾರ್ಚ್ 7 ಅಂತೈತೆ. ಮಾತು ಮುಗಿದ್ಮೇಲೆ 20 ತಿಂಗಳು ಏನ್ ಮಾಡ್ತಿದ್ರು ಸಾರ್?"

ಎರಡು ತಾರೀಖೂ ಸರಿಯಾಗಿಯೇ ಇವೆ. ತಾರೀಖು ಬಾಯಿಪಾಠ ಮಾಡುವವರು ನೂರಾರು ಜನ ಸಿಗುತ್ತಾರೆ. ಎರಡರ ನಡುವಿನ ಅಂತರ ಕಣ್ಣಿಗೆ ಬೀಳುವುದು ಅಪರೂಪ. ನ್ಯಾಟೋದಂಥ ಮಿಲಿಟರಿ ಕೂಟವೊಂದಕ್ಕೆ ಹೊಸಬರನ್ನು ಸೇರಿಸಿಕೊಳ್ಳುವ ರಾಜತಾಂತ್ರಿಕತೆಯೆಲ್ಲ ಆ ಅಂತರದಲ್ಲೇ ಇದೆ. ಅವತ್ತು ತರಗತಿಯಲ್ಲಿ ಹತ್ತು ನಿಮಿಷಕ್ಕೆ ಹೇಳಿ ಮುಗಿಸಲಾಗಲಿಲ್ಲ. ಇಲ್ಲಿ ನಿಧಾನವಾಗಿ ಹೇಳುತ್ತೇನೆ.

1949ರ ಏಪ್ರಿಲ್ 4ರಂದು ವಾಷಿಂಗ್ಟನ್‌ನಲ್ಲಿ 12 ದೇಶಗಳು ಸಹಿ ಹಾಕಿದ ಒಪ್ಪಂದದಿಂದ ನ್ಯಾಟೋ ಹುಟ್ಟಿತು. ಈಗ 32 ದೇಶಗಳಿವೆ. ಒಪ್ಪಂದದಲ್ಲಿ ಇರುವುದೇ 14 ವಿಧಿಗಳು. ಅದರಲ್ಲಿ ನಮ್ಮ ವಿಷಯಕ್ಕೆ ಬೇಕಾದವು ಎರಡು. 5ನೇ ವಿಧಿ, ಒಬ್ಬರ ಮೇಲಿನ ದಾಳಿ ಎಲ್ಲರ ಮೇಲಿನ ದಾಳಿ ಎನ್ನುತ್ತದೆ. ಹಾಗೆಂದರೆ ಎಲ್ಲರೂ ತಕ್ಷಣ ಸೈನ್ಯ ಕಳಿಸಲೇಬೇಕು ಎಂದಲ್ಲ, ತನಗೆ ಅಗತ್ಯವೆಂದು ಕಂಡ ನೆರವನ್ನು ಪ್ರತಿ ದೇಶವೂ ಕೊಡಬೇಕು. ಇದನ್ನು ಇದುವರೆಗೆ ಜಾರಿಗೆ ತಂದಿದ್ದು ಒಂದೇ ಸಲ, 2001ರ ಸೆಪ್ಟೆಂಬರ್ 11ರ ದಾಳಿಯ ನಂತರ ಅಮೆರಿಕದ ಪರವಾಗಿ. ಇನ್ನೊಂದು 10ನೇ ವಿಧಿ. ಯೂರೋಪಿನ ಯಾವುದೇ ದೇಶವನ್ನು ಕೂಟಕ್ಕೆ ಕರೆಯಬಹುದು, ಆದರೆ ಕರೆಯುವ ತೀರ್ಮಾನ ಸರ್ವಾನುಮತದ್ದಾಗಿರಬೇಕು ಎನ್ನುತ್ತದೆ ಅದು.

ಸರ್ವಾನುಮತ ಎಂಬ ಆ ಒಂದು ಮಾತು ಏನೇನು ಮಾಡಬಲ್ಲದು ಎಂದು ನನಗೆ ಅರ್ಥವಾಗಿದ್ದು ಪುಸ್ತಕದಿಂದಲ್ಲ, ನಮ್ಮ ಮನೆಯ ಜಗಲಿಯಿಂದ.

ನಮ್ಮೂರು ಗುಬ್ಬಿ ತಾಲ್ಲೂಕು. ಅಮ್ಮ ಇರುವ ಮಹಿಳಾ ಸಂಘ ವಾರಕ್ಕೊಮ್ಮೆ ಸಂಜೆ ನಮ್ಮ ಜಗಲಿಯ ಮೇಲೆ ಸೇರುತ್ತದೆ. ಸಂಘದ ಹೆಸರಲ್ಲಿ ತಂದ ಸಾಲಕ್ಕೆ ಎಲ್ಲರೂ ಹೊಣೆ. ಒಬ್ಬಾಕೆ ಕಂತು ಕಟ್ಟದಿದ್ದರೆ ಉಳಿದವರ ಸೆರಗಿನ ಗಂಟು ಬಿಚ್ಚಬೇಕು. ಒಂದು ಸಲ ಹಿಂದಿನ ಬೀದಿಯ ಹೆಂಗಸೊಬ್ಬರು ತಾವೂ ಸೇರುತ್ತೇವೆಂದು ಬಂದರು. ದುಡಿಯುವವರು, ಕೊಟ್ಟ ಮಾತಿಗೆ ತಪ್ಪದವರು. ಎಲ್ಲರೂ ಒಪ್ಪಿದರು, ಒಬ್ಬರನ್ನು ಬಿಟ್ಟು. ಅವರು ನಡಾವಳಿ ಪುಸ್ತಕ ತಮ್ಮ ಕೈಗೆ ಬಂದಾಗ ಪೆನ್ನನ್ನು ಹಾಳೆಗಳ ನಡುವೆ ಇಟ್ಟು ಪುಸ್ತಕ ಮುಚ್ಚಿದರು. "ಅವಳು ಬರೋದು ಬ್ಯಾಡ ಅಂತ ನಾನೆಲ್ಲಂದೆ ಅಕ್ಕಾ? ಅವರ ಮನೆಯೋರು ನಮ್ಮ ತೋಟದ ದಾರಿಗೆ ಬೇಲಿ ಹಾಕವ್ರೆ. ಬೇಲಿ ತೆಗೀಲಿ, ಈಗಿಂದೀಗ್ಲೇ ಸೈನ್ ಹಾಕ್ತೀನಿ."

ಸಂಘದ ಲೆಕ್ಕಕ್ಕೂ ತೋಟದ ಬೇಲಿಗೂ ಏನೇನೂ ಸಂಬಂಧವಿರಲಿಲ್ಲ. ಆದರೆ ವರ್ಷಗಟ್ಟಲೆ ಪಂಚಾಯ್ತಿ ಮಾಡಿದರೂ ಕದಲದಿದ್ದ ಬೇಲಿಯ ವಿಷಯ ಎತ್ತಲು ಅವರಿಗೆ ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಬರುತ್ತಿರಲಿಲ್ಲ. ಪೆನ್ನು ಅವರ ಕೈಯಲ್ಲಿತ್ತು. ಸಹಿ ಬಿದ್ದುಹೋದರೆ ಮಾರನೆಯ ದಿನ ಅವರ ಮಾತು ಕೇಳುವವರು ಯಾರು?

ಈ ಹೋಲಿಕೆಯನ್ನು ಬಹಳ ದೂರ ಎಳೆಯಲಾರೆ. ಸಂಘದ ಹೊಣೆ ಸಾವಿರ ರೂಪಾಯಿಗಳದು, ನ್ಯಾಟೋದ ಹೊಣೆ ಜೀವಗಳದು. ಆದರೆ ಎರಡೂ ಕಡೆ ತಿಳಿದುಕೊಳ್ಳಬೇಕಾದದ್ದು ಒಂದೇ. ಸೇರುವವರ ಯೋಗ್ಯತೆ ಅಳೆಯುವುದು ಈ ವ್ಯವಹಾರದ ಸಣ್ಣ ಭಾಗ. ಸೇರಿಸಿಕೊಳ್ಳುವವರು ಒಬ್ಬರಿಂದೊಬ್ಬರು ಏನು ಕೇಳಿ ಪಡೆಯುತ್ತಾರೆ ಎಂಬುದೇ ಅದರ ಬಹುಪಾಲು.

ಬ್ರಸೆಲ್ಸ್‌ನಲ್ಲಿರುವ ನ್ಯಾಟೋ ಕೇಂದ್ರ ಕಚೇರಿಯಲ್ಲಿ ಕೈ ಎತ್ತಿ ಮತ ಹಾಕುವ ಪದ್ಧತಿ ಇಲ್ಲ. ಬಹುಮತ ಎಂಬುದೂ ಇಲ್ಲ. ಸ್ವಂತ ಸೈನ್ಯವನ್ನೇ ಇಟ್ಟುಕೊಳ್ಳದ ಐಸ್‌ಲೆಂಡಿನ ಒಪ್ಪಿಗೆಗೂ ಅಮೆರಿಕದ ಒಪ್ಪಿಗೆಗೂ ಒಂದೇ ತೂಕ. ಬಹಳಷ್ಟು ತೀರ್ಮಾನಗಳು ಅಲ್ಲಿ 'ಮೌನ'ದ ಮೂಲಕ ಆಗುತ್ತವೆ. ಕರಡು ಪತ್ರವೊಂದನ್ನು ಎಲ್ಲ ದೇಶಗಳಿಗೂ ಕಳಿಸಿ, ಇಂಥ ದಿನ ಇಷ್ಟು ಗಂಟೆಯೊಳಗೆ ಆಕ್ಷೇಪ ಹೇಳಿ ಎಂದು ಗಡುವು ಕೊಡುತ್ತಾರೆ. ಯಾರೂ ತುಟಿ ಬಿಚ್ಚದಿದ್ದರೆ ಕರಡೇ ತೀರ್ಮಾನ. ಒಂದು ದೇಶ ಪತ್ರ ಬರೆದರೆ 'ಮೌನ ಮುರಿಯಿತು' ಎನ್ನುತ್ತಾರೆ, ಮತ್ತೆ ಮೊದಲಿನಿಂದ ಮಾತು. ಮೌನಂ ಸಮ್ಮತಿ ಲಕ್ಷಣಂ ಎಂದು ನಮ್ಮ ಅಜ್ಜಂದಿರು ಹೇಳುತ್ತಿದ್ದುದನ್ನು ಅಲ್ಲಿ ಕಚೇರಿಯ ನಿಯಮವನ್ನಾಗಿ ಮಾಡಿಕೊಂಡಿದ್ದಾರೆ. ಇದರಿಂದಾಗಿ ಇಷ್ಟವಿಲ್ಲದವರೂ ಬಾಯಿಬಿಟ್ಟು ಹೌದು ಎನ್ನಬೇಕಾದ ಮುಜುಗರ ತಪ್ಪುತ್ತದೆ, ಸುಮ್ಮನಿದ್ದರೆ ಸಾಕು. ಆದರೆ ಬೇಡ ಎನ್ನುವವರು ಮಾತ್ರ ಬಾಯಿ ಬಿಟ್ಟೇ ಹೇಳಬೇಕು, ಯಾರು ಅಡ್ಡ ನಿಂತರೆಂದು ಉಳಿದವರಿಗೆಲ್ಲ ಗೊತ್ತಾಗುತ್ತದೆ.

ಈಗ ಆ ಒಂದು ದಿನದ ಮಾತುಕತೆಗೆ ಬರೋಣ. 2022ರ ಫೆಬ್ರವರಿ 24ರಂದು ರಷ್ಯಾ ಉಕ್ರೇನಿನ ಮೇಲೆ ಪೂರ್ಣ ಪ್ರಮಾಣದಲ್ಲಿ ಎರಗಿತು. ರಷ್ಯಾದೊಂದಿಗೆ ಸುಮಾರು 1,340 ಕಿಲೋಮೀಟರ್ ಗಡಿ ಹಂಚಿಕೊಂಡ ಫಿನ್‌ಲೆಂಡ್, ಎರಡು ಶತಮಾನ ಯಾವ ಯುದ್ಧಕ್ಕೂ ಇಳಿಯದೆ ಉಳಿದಿದ್ದ ಸ್ವೀಡನ್, ಎರಡೂ ಮೇ 18ರಂದು ಒಟ್ಟಿಗೆ ಅರ್ಜಿ ಕೊಟ್ಟವು. ಸೇರುವ ದೇಶದೊಂದಿಗೆ ಬ್ರಸೆಲ್ಸ್‌ನಲ್ಲಿ ನಡೆಯುವ ಅಧಿಕೃತ ಮಾತುಕತೆಯೆಂದರೆ ಒಪ್ಪಂದದ ಹೊಣೆಗಳನ್ನು ಒಪ್ಪುತ್ತೀರಾ, ರಹಸ್ಯ ದಾಖಲೆಗಳನ್ನು ಕಾಪಾಡುವ ವ್ಯವಸ್ಥೆ ಇದೆಯೇ, ಕೂಟದ ಖರ್ಚಿನಲ್ಲಿ ನಿಮ್ಮ ಪಾಲು ಎಷ್ಟು, ಕಾನೂನಿನಲ್ಲಿ ಏನು ಬದಲಾಯಿಸಬೇಕು ಎಂಬಂಥ ಪ್ರಶ್ನೆಗಳು. ಎರಡೂ ದೇಶಗಳು ಎಷ್ಟೋ ವರ್ಷ ನ್ಯಾಟೋ ಜೊತೆ ಕವಾಯತು ಮಾಡಿಕೊಂಡು ಬಂದಿದ್ದವು, ಉತ್ತರಗಳೆಲ್ಲ ಸಿದ್ಧವಿದ್ದವು. ಜುಲೈ 4ಕ್ಕೆ ಮಾತು ಮುಗಿದು, ಜುಲೈ 5ಕ್ಕೆ 30 ರಾಯಭಾರಿಗಳು ಸೇರ್ಪಡೆ ಪತ್ರಕ್ಕೆ ಸಹಿ ಹಾಕಿದರು.

ಆದರೆ ರಾಯಭಾರಿಯ ಸಹಿ ದೇಶದ ಸಹಿಯಲ್ಲ. ಆ ಪತ್ರ 30 ರಾಜಧಾನಿಗಳಿಗೂ ಹೋಗಿ, ಆಯಾ ದೇಶದ ಸಂವಿಧಾನದ ಪ್ರಕಾರ ಅನುಮೋದನೆ ಪಡೆಯಬೇಕು. ಅಮೆರಿಕದಲ್ಲಿ ಸೆನೆಟ್ಟಿನ ಮೂರರಲ್ಲಿ ಎರಡು ಭಾಗ ಒಪ್ಪಬೇಕು. ಅಲ್ಲಿ ಆಗಸ್ಟ್ 3ರಂದೇ 95–1ರಲ್ಲಿ ಪಾಸಾಯಿತು. ಹೀಗೆ ಒಂದೊಂದಾಗಿ 28 ದೇಶಗಳು ಮುಗಿಸಿದವು. ಉಳಿದವು ಟರ್ಕಿ ಮತ್ತು ಹಂಗೇರಿ.

ಟರ್ಕಿಯ ಬೇಲಿ ಯಾವುದು? ಕುರ್ದ್ ಬಂಡುಕೋರರ ಪಿಕೆಕೆ ಸಂಘಟನೆಯೊಂದಿಗೆ ಟರ್ಕಿ ದಶಕಗಳಿಂದ ಹೊಡೆದಾಡುತ್ತಿತ್ತು. ಅಮೆರಿಕ ಮತ್ತು ಯೂರೋಪ್ ಒಕ್ಕೂಟ ಕೂಡ ಪಿಕೆಕೆಯನ್ನು ಉಗ್ರ ಸಂಘಟನೆಯೆಂದೇ ಪಟ್ಟಿ ಮಾಡಿದ್ದವು. ಸ್ವೀಡನ್ನಿನಲ್ಲಿ ನೆಲೆಸಿದ ಕುರ್ದರ ನಡುವೆ ಅದರ ಬೆಂಬಲಿಗರು ಬಹಿರಂಗವಾಗಿ ಓಡಾಡುತ್ತಾರೆ, ಹಣ ಎತ್ತುತ್ತಾರೆ ಎಂಬುದು ಟರ್ಕಿಯ ದೂರು. ಜೊತೆಗೆ 2019ರಲ್ಲಿ ಟರ್ಕಿ ಸಿರಿಯಾದೊಳಗೆ ಸೈನ್ಯ ನುಗ್ಗಿಸಿದಾಗ ಈ ಎರಡೂ ದೇಶಗಳು ಅದಕ್ಕೆ ಶಸ್ತ್ರ ಮಾರುವುದನ್ನು ನಿಲ್ಲಿಸಿದ್ದವು. ಅಧ್ಯಕ್ಷ ಎರ್ಡೋಗನ್ ಪೆನ್ನನ್ನು ಪುಸ್ತಕದೊಳಗಿಟ್ಟು ಮುಚ್ಚಿದರು.

2022ರ ಜೂನ್ 28ರಂದು ಮ್ಯಾಡ್ರಿಡ್‌ನಲ್ಲಿ, ನ್ಯಾಟೋ ಶೃಂಗಸಭೆಯ ಮುನ್ನಾದಿನ, ಈ ಮೂರು ದೇಶಗಳೂ ಒಂದು ತಿಳಿವಳಿಕೆ ಪತ್ರಕ್ಕೆ ಬಂದವು. ಶಸ್ತ್ರ ಮಾರಾಟದ ತಡೆ ತೆಗೆಯುವುದು, ಉಗ್ರ ನಿಗ್ರಹ ಕಾನೂನು ಬಿಗಿ ಮಾಡುವುದು, ಟರ್ಕಿ ಕೇಳಿದ ವ್ಯಕ್ತಿಗಳ ಹಸ್ತಾಂತರದ ಅರ್ಜಿಗಳನ್ನು ಬೇಗ ಪರಿಶೀಲಿಸುವುದು. ಪತ್ರ ಸಿದ್ಧವಾಯಿತೆಂದು ಎಲ್ಲರೂ ಕೈ ಕುಲುಕಿದರು. ಆಮೇಲೆ ಶುರುವಾಯಿತು ನಿಜವಾದ ತೊಡಕು. 'ಪರಿಶೀಲಿಸುತ್ತೇವೆ' ಎಂದರೆ ಸ್ವೀಡನ್ನಿಗೆ ಪರಿಶೀಲಿಸುವುದು ಎಂದರ್ಥ. ಟರ್ಕಿಗೆ ಅದು 'ಕಳಿಸಿಕೊಡುತ್ತೇವೆ' ಎಂಬಂತೆ ಕೇಳಿಸಿತ್ತು. ರಾಜತಾಂತ್ರಿಕ ಭಾಷೆಯಲ್ಲಿ ಬೇಕೆಂದೇ ಹೀಗೆ ಎರಡು ಅರ್ಥಕ್ಕೆ ಜಾಗ ಬಿಟ್ಟ ಪದ ಬಳಸುತ್ತಾರೆ. ಅವತ್ತಿನ ಮಟ್ಟಿಗೆ ಇಬ್ಬರೂ ಗೆದ್ದೆವೆಂದು ಮನೆಗೆ ಹೋಗಬಹುದು, ಲೆಕ್ಕ ಚುಕ್ತಾ ಮಾಡುವ ದಿನ ಜಗಳ ಕಾದಿರುತ್ತದೆ.

ಆ ದಿನ ಬಂದೇ ಬಂತು. ಸ್ವೀಡನ್ನಿನಲ್ಲಿ ಆಶ್ರಯ ಪಡೆದಿದ್ದ ಟರ್ಕಿಯ ಪತ್ರಕರ್ತರೊಬ್ಬರನ್ನು ಹಸ್ತಾಂತರಿಸಲಾಗದು ಎಂದು 2022ರ ಡಿಸೆಂಬರಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಪ್ರಧಾನಿ ಕೊಟ್ಟ ಮಾತಿಗೆ ನ್ಯಾಯಾಧೀಶರು ಬದ್ಧರಲ್ಲ. ಒಂದು ಸರ್ಕಾರ ಮೇಜಿನ ಮೇಲೆ ಏನೇನು ಇಡಬಹುದು, ಏನನ್ನು ಇಡುವ ಅಧಿಕಾರವೇ ಅದಕ್ಕಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ತಿಂಗಳು ಕಳೆಯುತ್ತಿದ್ದಂತೆ, 2023ರ ಜನವರಿ 21ರಂದು, ಸ್ಟಾಕ್‌ಹೋಮಿನ ಟರ್ಕಿ ರಾಯಭಾರ ಕಚೇರಿಯ ಮುಂದೆ ಒಬ್ಬಾತ ಕುರಾನ್ ಸುಟ್ಟ. ಸ್ವೀಡನ್ ಇನ್ನು ನಮ್ಮ ಬೆಂಬಲ ನಿರೀಕ್ಷಿಸಬಾರದು ಎಂದರು ಎರ್ಡೋಗನ್. ಅಲ್ಲಿಯವರೆಗೆ ಕೈಕೈ ಹಿಡಿದು ನಡೆದಿದ್ದ ಎರಡು ದೇಶಗಳು ಇಲ್ಲಿ ಬೇರೆಯಾದವು. ಟರ್ಕಿ ಫಿನ್‌ಲೆಂಡಿಗೆ ಮಾತ್ರ ಒಪ್ಪಿಗೆ ಕೊಟ್ಟಿತು. 2023ರ ಏಪ್ರಿಲ್ 4ರಂದು, ಕೂಟದ 74ನೇ ಹುಟ್ಟುಹಬ್ಬದ ದಿನ, ಫಿನ್‌ಲೆಂಡ್ 31ನೆಯ ಸದಸ್ಯನಾಯಿತು.

ಸ್ವೀಡನ್ ಹೊರಗೆ ಉಳಿಯಿತು. ಆದರೂ ಕೆಲಸ ನಿಲ್ಲಿಸಲಿಲ್ಲ. ಸಂವಿಧಾನಕ್ಕೇ ತಿದ್ದುಪಡಿ ತಂದಿತ್ತು, ಉಗ್ರ ಸಂಘಟನೆಯಲ್ಲಿ ಪಾಲ್ಗೊಳ್ಳುವುದನ್ನೇ ಅಪರಾಧವನ್ನಾಗಿಸುವ ಹೊಸ ಕಾನೂನನ್ನು 2023ರ ಜೂನ್ 1ರಿಂದ ಜಾರಿ ಮಾಡಿತು. ಜುಲೈನಲ್ಲಿ ವಿಲ್ನಿಯಸ್ ಶೃಂಗಸಭೆಯ ಮುನ್ನಾದಿನ ಎರ್ಡೋಗನ್ ಹೂಂ ಎಂದರು. ಆದರೂ ಟರ್ಕಿಯ ಸಂಸತ್ತು ಮತ ಹಾಕಿದ್ದು 2024ರ ಜನವರಿ 23ರಂದು. ಏಕೆ ಅಷ್ಟು ತಡ? ಎಫ್-16 ಯುದ್ಧವಿಮಾನ. ಟರ್ಕಿ ಅದನ್ನು ಅಮೆರಿಕದಿಂದ ಕೊಳ್ಳಲು ಕಾಯುತ್ತಿತ್ತು, ಸ್ವೀಡನ್ನಿಗೆ ಒಪ್ಪಿಗೆ ಕೊಡುವ ತನಕ ಅಮೆರಿಕದ ಸಂಸತ್ತಿನ ಪ್ರಮುಖರು ಮಾರಾಟಕ್ಕೆ ತಡೆಯೊಡ್ಡಿದ್ದರು. ಇಬ್ಬರೂ 'ಮೊದಲು ನೀನು' ಎನ್ನುತ್ತ ಕುಳಿತಿದ್ದರು. ಟರ್ಕಿಯ ಅನುಮೋದನೆಗೆ ಅಧ್ಯಕ್ಷರ ಅಂಕಿತ ಬಿದ್ದ ಮಾರನೆಯ ದಿನ, ಜನವರಿ 26ರಂದು, ಸುಮಾರು 2,300 ಕೋಟಿ ಡಾಲರಿನ ವಿಮಾನ ಮಾರಾಟಕ್ಕೆ ಅಮೆರಿಕದ ಸರ್ಕಾರ ಹಸಿರು ನಿಶಾನೆ ತೋರಿಸಿತು. ಈ ವ್ಯಾಪಾರದಲ್ಲಿ ಸ್ವೀಡನ್ ಕೊಡುವವನೂ ಅಲ್ಲ, ಕೊಳ್ಳುವವನೂ ಅಲ್ಲ. ಆದರೂ ಅದರ ಹಣೆಬರಹ ಅಲ್ಲಿ ತೀರ್ಮಾನವಾಯಿತು.

ಹಂಗೇರಿಯ ಕಥೆ ಚಿಕ್ಕದು. ನಮ್ಮ ಪ್ರಜಾಪ್ರಭುತ್ವದ ಬಗ್ಗೆ ಸ್ವೀಡನ್ನಿನವರು ಹಗುರವಾಗಿ ಮಾತಾಡುತ್ತಾರೆ ಎಂಬುದು ಅಲ್ಲಿನ ಆಳುವ ಪಕ್ಷದ ಮುನಿಸು. ಕೊನೆಗೆ ಸ್ವೀಡನ್ ಪ್ರಧಾನಿ ಕ್ರಿಸ್ಟರ್ಸನ್ ತಾವೇ ಬುಡಾಪೆಸ್ಟಿಗೆ ಹೋದರು, ಹಂಗೇರಿ ಸ್ವೀಡನ್ನಿನಿಂದ ಇನ್ನೂ ನಾಲ್ಕು ಗ್ರಿಪೆನ್ ಯುದ್ಧವಿಮಾನ ಪಡೆಯುವ ಒಪ್ಪಂದ ಆಯಿತು, ಮೂರು ದಿನ ಬಿಟ್ಟು ಫೆಬ್ರವರಿ 26ರಂದು ಅಲ್ಲಿನ ಸಂಸತ್ತು ಒಪ್ಪಿತು. ಆಗ ಹಂಗೇರಿಯಲ್ಲಿ ಅಧ್ಯಕ್ಷರ ಕುರ್ಚಿ ತೆರವಾಗಿತ್ತು. ಹೊಸ ಅಧ್ಯಕ್ಷರು ಮಾರ್ಚ್ 5ರಂದು ಅಧಿಕಾರ ವಹಿಸಿಕೊಂಡು ಅಂಕಿತ ಹಾಕಿದ ಮೇಲೆಯೇ ಕೊನೆಯ ಕಾಗದ ಹೊರಟಿತು. ಒಪ್ಪಂದದ ಮೂಲ ಕಡತ ಇರುವುದು ಅಮೆರಿಕ ಸರ್ಕಾರದ ವಶದಲ್ಲಿ. ಮಾರ್ಚ್ 7ರಂದು ಕ್ರಿಸ್ಟರ್ಸನ್ ವಾಷಿಂಗ್ಟನ್‌ನಲ್ಲಿ ಸೇರ್ಪಡೆಯ ದಾಖಲೆಯನ್ನು ಕೈಯಾರೆ ಒಪ್ಪಿಸಿದ ಆ ಗಳಿಗೆಯಿಂದ 5ನೇ ವಿಧಿ ಸ್ವೀಡನ್ನಿಗೂ ಅನ್ವಯ. ಅದಕ್ಕೆ ಮೊದಲಿನ 22 ತಿಂಗಳು, ಅರ್ಜಿ ಹಾಕಿ ರಷ್ಯಾದ ಸಿಟ್ಟು ಕಟ್ಟಿಕೊಂಡಾಗಿದೆ, ಆದರೆ ಕೂಟದ ಕಾವಲು ಇನ್ನೂ ಸಿಕ್ಕಿಲ್ಲ. ಈ ನಡುವಿನ ಬಯಲು ಎಷ್ಟು ಅಪಾಯದ್ದೆಂದು ತಿಳಿದೇ ಬ್ರಿಟನ್ ಪ್ರಧಾನಿ ಅರ್ಜಿಗೆ ಒಂದು ವಾರ ಮೊದಲೇ ಎರಡೂ ದೇಶಗಳಿಗೆ ಬೆಂಬಲದ ಲಿಖಿತ ಭರವಸೆ ಕೊಟ್ಟಿದ್ದರು.

20 ತಿಂಗಳು ಬಹಳವಾಯಿತು ಎನ್ನುವವರಿಗೆ ಉತ್ತರ ಮ್ಯಾಸಿಡೋನಿಯಾದ ಕಥೆ ಹೇಳಬೇಕು. 2014ರ ನವೆಂಬರ್ 1ರಂದು ನಮ್ಮ ಊರು 'ತುಮಕೂರು' ಎಂದು ಅಧಿಕೃತವಾಯಿತು. ರಾಜ್ಯದ 12 ನಗರಗಳ ಹೆಸರು ಒಟ್ಟಿಗೆ ಬದಲಾದ ದಿನ ಅದು. ಬೋರ್ಡು ಬದಲಿಸುವ ಖರ್ಚು ಬಿಟ್ಟರೆ ಯಾರಿಗೂ ನೋವಾಗಲಿಲ್ಲ. ಯುಗೊಸ್ಲಾವಿಯಾ ಒಡೆದು 1991ರಲ್ಲಿ ಸ್ವತಂತ್ರವಾದ ಮ್ಯಾಸಿಡೋನಿಯಾಕ್ಕೆ ಹೆಸರೇ ಉರುಳಾಯಿತು. ಅದೇ ಹೆಸರಿನ ಪ್ರಾಂತ್ಯ ಪಕ್ಕದ ಗ್ರೀಸ್‌ನಲ್ಲೂ ಇದೆ. ಅಲೆಕ್ಸಾಂಡರನ ನಾಡಿನ ಹೆಸರು ನಮ್ಮದು, ಇವತ್ತು ಹೆಸರು ಕೇಳಿದವರು ನಾಳೆ ನೆಲ ಕೇಳುತ್ತಾರೆ ಎಂದಿತು ಗ್ರೀಸ್. 2008ರಲ್ಲಿ ಮ್ಯಾಸಿಡೋನಿಯಾ ಎಲ್ಲ ಸಿದ್ಧತೆ ಮುಗಿಸಿ ನ್ಯಾಟೋ ಬಾಗಿಲಿಗೆ ಬಂದಾಗ ಗ್ರೀಸ್ ಒಬ್ಬನೇ ಅಡ್ಡ ನಿಂತಿತು. ಮ್ಯಾಸಿಡೋನಿಯಾ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 2011ರ ಡಿಸೆಂಬರ್ 5ರಂದು ಗೆದ್ದಿತು ಕೂಡ, ಗ್ರೀಸ್ ತಾನು 1995ರಲ್ಲಿ ಕೊಟ್ಟ ಮಾತು ಮುರಿದಿದೆ ಎಂದು ತೀರ್ಪು ಬಂತು. ಅದರಿಂದ ಆದದ್ದು ಏನೂ ಇಲ್ಲ. ಸರ್ವಾನುಮತ ಬೇಕಾದ ಕಡೆ ಒಪ್ಪಿಗೆ ಕೊಡು ಎಂದು ಯಾವ ಕೋರ್ಟೂ ಒಂದು ದೇಶದ ಕೈ ಹಿಡಿದು ಸಹಿ ಹಾಕಿಸಲಾರದು.

ಕೊನೆಗೆ 2018ರ ಜೂನ್ 17ರಂದು, ಎರಡೂ ದೇಶಗಳ ಗಡಿಯಲ್ಲಿರುವ ಪ್ರೆಸ್ಪಾ ಸರೋವರದ ದಡದಲ್ಲಿ ಒಪ್ಪಂದವಾಯಿತು. ಹೆಸರಿನ ಮುಂದೆ ಒಂದು ಪದ, 'ಉತ್ತರ'. ಅದನ್ನು ಒಪ್ಪಿಸಲು ಎರಡೂ ಕಡೆಯ ಪ್ರಧಾನಿಗಳು ತಮ್ಮ ತಮ್ಮ ಜನರಿಂದ ದ್ರೋಹಿಗಳೆಂದು ಬೈಸಿಕೊಂಡರು. ಅವರಿಬ್ಬರ ಧೈರ್ಯಕ್ಕೆ ಸಿಗಬೇಕಾದಷ್ಟು ಗೌರವ ಸಿಕ್ಕಿಲ್ಲ ಎಂದು ನನಗೆ ಯಾವತ್ತೂ ಅನಿಸುತ್ತದೆ. ಸೇರ್ಪಡೆ ಪತ್ರಕ್ಕೆ ಮೊಟ್ಟಮೊದಲು ಅನುಮೋದನೆ ಕೊಟ್ಟ ದೇಶ ಯಾವುದು ಗೊತ್ತೇ? ಗ್ರೀಸ್. ಬೇಲಿ ತೆಗೆದ ಮೇಲೆ ಮೊದಲ ಸಹಿ ಬೇಲಿಗೆ ತಕರಾರು ಮಾಡಿದವರದೇ. 2020ರ ಮಾರ್ಚ್ 27ರಂದು ಉತ್ತರ ಮ್ಯಾಸಿಡೋನಿಯಾ ಸದಸ್ಯನಾಯಿತು.

ಅಡ್ಡ ನಿಲ್ಲುವವರೇ ಕೆಟ್ಟವರು ಎಂದು ಇದರಿಂದ ನನ್ನ ವಿದ್ಯಾರ್ಥಿಗಳು ತಿಳಿಯಬಾರದು. ನನ್ನ ಮಟ್ಟಿಗೆ ಹೇಳುವುದಾದರೆ 'ಇಲ್ಲ' ಎಂಬ ಮಾತಿಗಿಂತ ಹೆಚ್ಚು ಕೆಡುಕು ಮಾಡಿದ್ದು ಅರ್ಧ 'ಹೌದು'. ಗ್ರೀಸ್ ಅಡ್ಡ ನಿಂತ ಅದೇ 2008ರ ಏಪ್ರಿಲ್ ತಿಂಗಳ ಬುಕಾರೆಸ್ಟ್ ಶೃಂಗಸಭೆಯಲ್ಲಿ ಉಕ್ರೇನ್ ಮತ್ತು ಜಾರ್ಜಿಯಾದ ವಿಷಯವೂ ಬಂದಿತ್ತು. ಅವರಿಗೆ ಸದಸ್ಯತ್ವದ ಸಿದ್ಧತಾ ಯೋಜನೆ ಕೊಟ್ಟು ದಾರಿ ತೆರೆಯಬೇಕು ಎಂದರು ಅಮೆರಿಕದ ಅಧ್ಯಕ್ಷ ಬುಷ್. ಜರ್ಮನಿಯ ಮರ್ಕೆಲ್, ಫ್ರಾನ್ಸಿನ ಸರ್ಕೋಜಿ ಬೇಡ ಎಂದರು. ಜಾರ್ಜಿಯಾದ ಒಳಗೆ ಬಗೆಹರಿಯದ ಎರಡು ಪ್ರಾಂತ್ಯಗಳ ಜಗಳವಿತ್ತು, ಉಕ್ರೇನಿನ ಸೆವಾಸ್ಟೊಪೋಲ್ ಬಂದರಿನಲ್ಲಿ ರಷ್ಯಾದ ನೌಕಾಪಡೆಯೇ ಬೀಡುಬಿಟ್ಟಿತ್ತು, ಅಲ್ಲಿನ ಜನರಲ್ಲೂ ಆಗ ನ್ಯಾಟೋ ಬಗ್ಗೆ ಒಮ್ಮತ ಇರಲಿಲ್ಲ. ಇಬ್ಬರ ಮಾತಿಗೂ ತೂಕವಿತ್ತು.

ಆದರೆ ಒಂದನ್ನು ಆರಿಸಿಕೊಳ್ಳುವ ಬದಲು ಎರಡನ್ನೂ ಹೊಲಿದರು. ಯೋಜನೆ ಕೊಡಲಿಲ್ಲ. ಬದಲಿಗೆ ಘೋಷಣೆಯಲ್ಲಿ, ಈ ಎರಡು ದೇಶಗಳು ಮುಂದೆ ಸದಸ್ಯರಾಗುತ್ತವೆ ಎಂದು ಬರೆದರು. ಯಾವಾಗ? ತಾರೀಖಿಲ್ಲ. ಹೇಗೆ? ದಾರಿಯಿಲ್ಲ. ರಷ್ಯಾಕ್ಕೆ ಕೇಳಿಸಿದ್ದು 'ಸದಸ್ಯರಾಗುತ್ತವೆ' ಎಂಬ ಮಾತು, ಕಾಣಿಸಿದ್ದು ಕಾವಲಿಲ್ಲದ ನೆಲ. ನಾಲ್ಕೇ ತಿಂಗಳಿಗೆ, ಆಗಸ್ಟಿನಲ್ಲಿ, ಜಾರ್ಜಿಯಾದೊಂದಿಗೆ ಐದು ದಿನದ ಯುದ್ಧ. 2014ರಲ್ಲಿ ಉಕ್ರೇನಿನ ಕ್ರಿಮಿಯಾ ಪ್ರಾಂತ್ಯ. 2022ರಲ್ಲಿ ಇಡೀ ಉಕ್ರೇನ್. ದಂಡೆತ್ತಿ ಹೋದ ತಪ್ಪು ರಷ್ಯಾದ್ದು, ಅದನ್ನು ಬೇರೆ ಯಾರ ತಲೆಗೂ ಕಟ್ಟಲಾಗದು. ಆದರೆ ಮದುವೆ ಮಾತು ಆಡಿ ಮುಹೂರ್ತ ಇಡದೆ ಹದಿನಾಲ್ಕು ವರ್ಷ ಹೆಣ್ಣನ್ನು ಕೂರಿಸಿದವರಿಗೆ ಹೊಣೆಯೇ ಇಲ್ಲವೇ? ನನಗೆ ಹಾಗನಿಸುವುದಿಲ್ಲ.

ನೆಲದ ಒಂದು ಭಾಗ ಬೇರೆಯವರ ಕೈಯಲ್ಲಿರುವ ದೇಶವನ್ನು ಸೇರಿಸಿಕೊಳ್ಳಲು ಸಾಧ್ಯವೇ ಇಲ್ಲ ಎಂದು ಹೇಳುವವರಿದ್ದಾರೆ. ಆದರೆ 1955ರಲ್ಲಿ ಪಶ್ಚಿಮ ಜರ್ಮನಿ ಸೇರಿದಾಗ ಪೂರ್ವ ಜರ್ಮನಿಯಲ್ಲಿ ಸೋವಿಯತ್ ಸೈನ್ಯವಿತ್ತು. ಬಲ ಬಳಸಿ ಒಂದಾಗಲು ಹೋಗುವುದಿಲ್ಲ ಎಂದು ಪಶ್ಚಿಮ ಜರ್ಮನಿ ಮಾತು ಕೊಟ್ಟ ಮೇಲೆ ದಾರಿ ಸಿಕ್ಕಿತು. ಹಾಗೆ ಮನಸ್ಸಿದ್ದಾಗ ಮಾತುಕತೆಯಲ್ಲಿ ಪದಗಳು ಹುಟ್ಟುತ್ತವೆ. ಇನ್ನೊಂದು ವಿಚಿತ್ರ, 1954ರ ಮಾರ್ಚಿನಲ್ಲಿ ಸೋವಿಯತ್ ಒಕ್ಕೂಟವೇ ತಾನೂ ನ್ಯಾಟೋ ಸೇರಲು ಸಿದ್ಧ ಎಂದು ಪತ್ರ ಬರೆದಿತ್ತು. ಮೇ ತಿಂಗಳಲ್ಲಿ ಪಶ್ಚಿಮದವರು ಅದನ್ನು ತಳ್ಳಿಹಾಕಿದರು.

ಭಾರತ ಏಕೆ ಸೇರಬಾರದು ಎಂದು ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. 10ನೇ ವಿಧಿಯ ಪ್ರಕಾರ ಯೂರೋಪಿನ ದೇಶಗಳಿಗಷ್ಟೇ ಅವಕಾಶ. ಅದಿರಲಿ, ಇನ್ನೊಬ್ಬರ ಜಗಳಕ್ಕೆ ಹೊಣೆಯಾಗುವ ಸಹಿಯನ್ನೇ ಭಾರತ ಹಾಕುವುದಿಲ್ಲ. 1971ರ ಸೋವಿಯತ್ ಮೈತ್ರಿ ಒಪ್ಪಂದ ಕೂಡ ಅಪಾಯ ಬಂದರೆ ಕೂಡಲೇ ಸಮಾಲೋಚಿಸುವುದಾಗಿ ಹೇಳಿತ್ತೇ ಹೊರತು ಜೊತೆಗೆ ಯುದ್ಧ ಮಾಡುತ್ತೇವೆಂದು ಹೇಳಿರಲಿಲ್ಲ. ಗುಬ್ಬಿ ಬಳಿಯ ಬಿದರೆಹಳ್ಳ ಕಾವಲ್‌ನಲ್ಲಿ 2023ರಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಮುಂದೆ ಬಸ್ಸಿನಲ್ಲಿ ಹಾದುಬರುವ ಹುಡುಗರಿಗೆ ಇದನ್ನು ವಿವರಿಸುವುದು ಸುಲಭ. ಕೂಟ ಬೇಡವೆಂದವರು ತಮ್ಮ ಕಾವಲು ತಾವೇ ಕಟ್ಟಿಕೊಳ್ಳಬೇಕು, ಅದರ ಖರ್ಚೂ ತಮ್ಮದೇ.

ಉಕ್ರೇನ್ 2022ರ ಸೆಪ್ಟೆಂಬರ್ 30ರಂದು ಅರ್ಜಿ ಹಾಕಿತು. 2023ರಲ್ಲಿ ವಿಲ್ನಿಯಸ್ಸಿನಲ್ಲಿ, ಸದಸ್ಯರೆಲ್ಲ ಒಪ್ಪಿದಾಗ ಮತ್ತು ಷರತ್ತುಗಳು ಪೂರೈಸಿದಾಗ ಕರೆಯುತ್ತೇವೆ ಎಂದರು. 2024ರಲ್ಲಿ ವಾಷಿಂಗ್ಟನ್ನಿನಲ್ಲಿ, ಅದರ ದಾರಿ ಹಿಂತಿರುಗದ ದಾರಿ ಎಂದರು. ತಾರೀಖು ಎರಡರಲ್ಲೂ ಇಲ್ಲ.

ಈ ಭಾನುವಾರಕ್ಕೆ ಹುಡುಗರಿಗೆ ಒಂದು ಕೆಲಸ ಕೊಟ್ಟಿದ್ದೇನೆ. 32 ದೇಶಗಳ ಹೆಸರು ಬರೆದು, ಉಕ್ರೇನಿನ ಸಹಿಗೆ ಮುಂಚೆ ಯಾರು ಯಾರಿಂದ ಏನು ಕೇಳಬಹುದು ಎಂದು ಎದುರಿಗೆ ಬರೆದುಕೊಂಡು ಬರಬೇಕು. ಹಂಗೇರಿಯ ಸುಳಿವನ್ನು ನಾನೇ ಕೊಟ್ಟೆ. ಉಕ್ರೇನಿನ ಪಶ್ಚಿಮದ ಅಂಚಿನಲ್ಲಿ ಹಂಗೇರಿಯನ್ ಮಾತಾಡುವ ಜನರಿದ್ದಾರೆ, 2017ರಲ್ಲಿ ಉಕ್ರೇನ್ ಶಾಲೆಗಳಲ್ಲಿ ತನ್ನ ಭಾಷೆಯನ್ನು ಬಿಗಿಗೊಳಿಸುವ ಕಾನೂನು ತಂದಾಗಿನಿಂದ ಹಂಗೇರಿ ನ್ಯಾಟೋ-ಉಕ್ರೇನ್ ಸಭೆಗಳಿಗೇ ಅಡ್ಡಗಾಲು ಹಾಕಿತ್ತು ಎಂದು ಹೇಳಿದೆ. ಪಾವಗಡದ ಹುಡುಗಿ ತಲೆ ಎತ್ತಿದಳು. ಅವಳ ಊರಿನ ಸುತ್ತ ಆಂಧ್ರ, ಮನೆಯ ಮಾತು ತೆಲುಗು, ಓದಿದ್ದು ಕನ್ನಡ ಶಾಲೆ.

"ಅದು ಸಣ್ಣ ವಿಷ್ಯ ಅಲ್ಲ ಸಾರ್" ಅಂದಳು. ಹಂಗೇರಿಯ ಎದುರಿಗೆ 'ಶಾಲೆಯ ಭಾಷೆ' ಎಂದು ಬರೆದು, ಕೆಳಗಿನ ಹೆಸರಿಗೆ ಹೋದಳು.